ಮಿರಜಿಗೆ ಹೋದ ಚಮನಬಿ

ಶಾರ್ಜಾದ ಆ ಏಳನೇ ಮಾಳಿಗೆಯ ಮನೆಯಲ್ಲಿ ಚಮನಬಿ ಒಂದು ಕಡೆ ಕೂತವಳಲ್ಲ. ಅಡುಗೆಮನೆಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಅಡುಗೆಮನೆಗೆ, ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಲೇ ಇದ್ದಳು. ಬಾಣಂತಿಯಾಗಿ ಮಂಚದ ಮೇಲೆ ಮಲಗಿದ್ದ ಮಗಳು ಅರ್ಶಿಯಾ ಕೊನೆಗೆ ಕೈಮುಗಿದಳು.

“ಅಮ್ಮಿ, ಒಂದೀಟ ಕುಂದರಬೇ. ನಿನ್ನ ನೋಡಿ ನೋಡಿ ನನಗ ತಲಿ ತಿರಗಾಕತ್ತೈತಿ.”

ತಾಯಿ ಮಗಳು ಆಡುವುದು ಉರ್ದು. ಆದರೆ ನಿಪ್ಪಾಣಿ ಹತ್ತಿರದ ಅವರ ಊರು ಭೋಜದ ಉರ್ದುವಿನಲ್ಲಿ ಅರ್ಧ ಕನ್ನಡ, ಉಳಿದದ್ದರಲ್ಲಿ ಒಂದಿಷ್ಟು ಮರಾಠಿ. ನಾನು ಅದನ್ನು ಕನ್ನಡದಲ್ಲೇ ಹೇಳಿದರೆ ಅವರಿಬ್ಬರೂ ಬೇಸರ ಮಾಡಿಕೊಳ್ಳಲಾರರು.

ಚಮನಬಿಗೆ ಅಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಅಳಿಯ ವಸೀಮ ಗ್ಯಾರೇಜಿನಲ್ಲಿ ದುಡಿಯುವ, ಅತ್ತೆಯ ಎದುರು ದನಿ ಎತ್ತದ ಹುಡುಗ. ಮೊಮ್ಮಗ ಹುಟ್ಟಿದ್ದ, ದಿನ ತುಂಬುವ ಮೊದಲೇ ಹುಟ್ಟಿ ಎಲ್ಲರನ್ನೂ ಗಾಬರಿ ಮಾಡಿದರೂ ಈಗ ಹಾಲು ಕುಡಿದು ಕೈಕಾಲು ಆಡಿಸುತ್ತಿದ್ದ. ಬೇರೆ ಯಾವ ಹೆಂಗಸಾದರೂ ಆ ಮಾಳಿಗೆ, ಆ ಲಿಫ್ಟು, ಆ ತಣ್ಣನೆಯ ಗಾಳಿಯನ್ನು ಊರಿಗೆ ಹೋಗಿ ಜನ್ಮವಿಡೀ ಹೇಳುವಷ್ಟು ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದಳು. ಚಮನಬಿಯ ಕಣ್ಣೋ ಫೋನಿನ ಮೇಲೆ. ಭೋಜದಿಂದ ತಮ್ಮ ಹಾಜಿಮಲಂಗ ಫೋನ್ ಮಾಡಿದರೂ ಭಯ, ಮಾಡದಿದ್ದರೂ ಭಯ.

ಎಲ್ಲಕ್ಕೂ ಮೂಲ ಅವಳ ಪಗಾರ. ಸರಕಾರ ಕೊಡುವ ವೃದ್ಧಾಪ್ಯ ವೇತನಕ್ಕೆ ನಮ್ಮ ಕಡೆ ಪಗಾರವೆಂದೇ ಹೆಸರು. ದುಡಿದು ಮುಗಿಸಿದವರಿಗೆ ಬರುವುದು ಇನ್ನೇನಾದೀತು? ನಿಪ್ಪಾಣಿಯ ಬೀಡಿ ಗುತ್ತಿಗೆದಾರರಿಗಾಗಿ ಮದುವೆಗೆ ಮೊದಲೇ ಬೀಡಿ ಕಟ್ಟಲು ಕೂತವಳು ಚಮನಬಿ. ಗಂಡ ಬೇಗ ತೀರಿಕೊಂಡ. ಕೂಸಾಗಿದ್ದ ಅರ್ಶಿಯಾಳನ್ನು ಕಟ್ಟಿಕೊಂಡು ಭೋಜಕ್ಕೆ, ತಮ್ಮ ಹಾಜಿಮಲಂಗನ ಮನೆಗೆ ಬಂದಳು. ತಮ್ಮ ಒಳ್ಳೆಯವನು. ಅವನ ಹೆಂಡತಿಯೂ ಕೆಟ್ಟವಳೇನಲ್ಲ, ಆದರೆ ಚಹಾ ಸೋಸುವಾಗ ಆಕೆ ಒಮ್ಮೆ ತಿರುಗಿ ನೋಡುತ್ತಿದ್ದಳು, ಇನ್ನೊಂದು ಲೋಟ ಇಡಬೇಕೋ ಬೇಡವೋ ಎಂಬಂತೆ. ಆ ನೋಟವನ್ನು ಚಮನಬಿ ಎಷ್ಟೋ ವರ್ಷ ನುಂಗಿದಳು. ಪಗಾರ ಶುರುವಾದ ಮೇಲೆ ಮಗ್ಗುಲ ಕೋಣೆಗೆ ಓಣಿಯ ಕಡೆ ಒಂದು ಬಾಗಿಲು ಕೊರೆಸಿದಳು, ಒಂದು ಒಲೆ ಹೂಡಿದಳು, ತನ್ನ ಚಹಾ ತಾನೇ ಕಾಸಿಕೊಂಡಳು. ಅಂದಿನಿಂದ ಅವಳು ಯಾರ ಹಂಗಿನಲ್ಲೂ ಇಲ್ಲ. ಆ ಪಗಾರ ನಿಂತರೆ ಒಲೆ ನಿಲ್ಲುತ್ತದೆ, ಒಲೆ ನಿಂತರೆ ಮತ್ತೆ ಆ ಲೋಟದ ಮುಂದೆ ಹೋಗಿ ನಿಲ್ಲಬೇಕು. ಅವಳಿಗೆ ಸಾವಿನ ಭಯಕ್ಕಿಂತ ಅದರ ಭಯ ದೊಡ್ಡದಾಗಿತ್ತು.

ಓಣಿಯ ಮುದುಕಿಯೊಬ್ಬಳು ಹೊಳೆಯಾಚೆ ಇಚಲಕರಂಜಿಯ ಮಗನ ಮನೆಯಲ್ಲಿ ಹೋಗಿ ಕೂತಿದ್ದಳು. ಊರ ಕಾಗದಪತ್ರ ನೋಡುವ ತಲಾಟಿ ತಪಾಸಣೆಗೆ ಬಂದಾಗ ಬಾಗಿಲಿಗೆ ಬೀಗ. ಪಗಾರ ನಿಂತಿತು. ಆಮೇಲೆ ಆಕೆ ನಿಪ್ಪಾಣಿಯ ಕಚೇರಿಗೆ ಅಲೆದ ಕಥೆಯನ್ನು ಓಣಿ ಇಂದಿಗೂ ಹೇಳುತ್ತದೆ. ಹೊಳೆ ದಾಟಿದರೆ ಇಷ್ಟು, ಇನ್ನು ಸಮುದ್ರ ದಾಟಿದರೆ? ಇದರ ಮೇಲೆ ಚಮನಬಿಯದೇ ಒಂದು ಲೆಕ್ಕಾಚಾರವೂ ಇತ್ತು. ಮದುವೆಯಾದ ಮೇಲೆ ಅರ್ಶಿಯಾಳ ಹೆಸರನ್ನು ಇಲ್ಲಿನ ರೇಶನ್ ಕಾರ್ಡಿನಿಂದ ತೆಗೆದು ಗಂಡನ ಮನೆಯ ಕಾರ್ಡಿಗೆ ಸೇರಿಸಿರಲಿಲ್ಲವೇ? ಹಾಗೆಯೇ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಠಪ್ಪೆಂದು ಶಿಕ್ಕಾ ಬಿತ್ತೆಂದರೆ ಇಲ್ಲಿ ಹೆಸರು ಹಾರಿತು ಎಂದೇ ಅವಳ ತೀರ್ಮಾನ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ತಾನೇ ಹೋಗಿ ಸಿಕ್ಕಿಬಿದ್ದಂತಲ್ಲವೇ!

ಅರ್ಶಿಯಾ ಬಸಿರೆಂದು ಗೊತ್ತಾದಾಗ ತಾಯಿಯಾದವಳು ಹೋಗದೆ ಇರಲು ಸಾಧ್ಯವೇ? ಹೋಗಬೇಕು, ಹೋದದ್ದು ಊರಿಗೆ ಗೊತ್ತಾಗಬಾರದು. ಅಕ್ಕ ತಮ್ಮ ಕೂಡಿ ಒಂದು ಸುಳ್ಳು ಹೆಣೆದರು. ಮಂಡಿ ಆಪರೇಶನ್ನಿಗೆ ಮಿರಜಿಗೆ ಹೋಗುವುದು. ನಮ್ಮ ಸೀಮೆಯಲ್ಲಿ ಮಿರಜಿನ ದವಾಖಾನೆ ಕಾಣದ ಮಂಡಿಯೇ ಇಲ್ಲವಾದ್ದರಿಂದ ಯಾರೂ ಹುಬ್ಬೇರಿಸಲಿಲ್ಲ. ಅರ್ಶಿಯಾಳ ಬಸಿರಿನ ಸುದ್ದಿಯನ್ನೂ ಮುಚ್ಚಿಟ್ಟರು, ಇಲ್ಲದಿದ್ದರೆ ಬಾಣಂತನಕ್ಕೆ ಯಾರು ಹೋದರೆಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಬೇರೆಯವರು ದುಬೈಗೆ ಹೊರಟರೆ ಜೀಪಿನ ತುಂಬ ಜನ, ಕೊರಳ ತುಂಬ ಹಾರ. ಚಮನಬಿ ಮಾತ್ರ ನಸುಕಿನ ಬಸ್ಸಿಗೆ ಕಳ್ಳಿಯ ಹಾಗೆ ಗಂಟು ಎತ್ತಿಕೊಂಡು ಹೋದಳು.

ಮಗ್ಗುಲ ಮನೆಯ ಲಕ್ಷ್ಮಿಬಾಯಿಗೂ ಅವಳು ಅದೇ ಸುಳ್ಳು ಹೇಳಿದಳು. ಲಕ್ಷ್ಮಿಬಾಯಿ ಅವಳಿಗಿಂತ ಒಂದೆರಡು ವರ್ಷ ಹಿರಿಯಳು. ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು, ತಲೆ ನರೆಯುವವರೆಗೆ ಬೀಡಿ ಕಟ್ಟಿದವರು. ಕೂಸು ಅರ್ಶಿಯಾಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ಲಕ್ಷ್ಮಿಬಾಯಿಯೇ. ಅಂಥವಳಿಗೆ ಸುಳ್ಳು ಹೇಳುವಾಗ ಚಮನಬಿ ಸೆರಗಿನ ತುದಿ ನೋಡುತ್ತ ಹೇಳಿದಳು. ಏನು ಮಾಡುವುದು, ಲಕ್ಷ್ಮಿಬಾಯಿಯದು ಬಂಗಾರದಂಥ ಮನಸ್ಸು, ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ.

ಕೂಸು ಬೇಗ ಹುಟ್ಟಿ, ಮೊದಲು ಕೆಲ ದಿನ ಗಾಜಿನ ಪೆಟ್ಟಿಗೆಯಲ್ಲಿದ್ದುದರಿಂದ ಚಮನಬಿಯ ವಾಪಸು ಪ್ರಯಾಣ ಮುಂದೆ ಹೋಯಿತು. ಇತ್ತ ಊರಿನಲ್ಲಿ ಮಂಡಿಯ ಸುಳ್ಳು ಸಾಲದೆ ಬಂತು. ಹಾಜಿಮಲಂಗ ದರ್ಜಿ; ಮನೆಯ ಕಟ್ಟೆಯ ಮೇಲೆ ಮಶೀನು. ಬಂದವರೆಲ್ಲ ಅಲ್ಲಿ ಕೂತು ಕೇಳುವವರೇ. ಬಟ್ಟೆಗೆ ತೇಪೆ ಹಾಕುವ ಕೈಗೆ ಮಾತಿಗೆ ತೇಪೆ ಹಾಕಲು ಬರುತ್ತಿರಲಿಲ್ಲ.

“ಆಪಾ, ಒಂದ ಮಂಡಿಗೆ ಇಷ್ಟ ದಿನ ಯಾಕ ಅಂತ ಕೇಳಾಕತ್ತಾರ. ಎರಡನೇ ಮಂಡೀನೂ ಮಾಡ್ಯಾರ ಅಂದೆ,” ಎಂದ ಅಕ್ಕನಿಗೆ ಫೋನಿನಲ್ಲಿ, ಮೊದಲ ಸಲ.

ಮುಂದಿನ ಸಲ, “ಈಗ ಹೊಟ್ಟ್ಯಾಗ ಗಡ್ಡಿ ಸಿಕ್ಕೈತಿ ಅಂದೀನಿ.”

“ಯಾರ ಹೊಟ್ಟ್ಯಾಗ?”

“ನಿನ್ನ ಹೊಟ್ಟ್ಯಾಗ.”

“ಹಾಜ್ಯಾ, ಕೊಂದ ಗಿಂದ ಬಿಟ್ಟೀಯೋ ಮಾರಾಯಾ! ಸತ್ತೆ ಅಂದ್ರ ಮದಲ ಪಗಾರನ ಬಂದ್ ಆಗೂದು!”

ಅಷ್ಟರವರೆಗೆ ಇದರಲ್ಲಿ ನಗು ಇತ್ತು. ಅರ್ಶಿಯಾ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆದರೆ ಬಿಸಿಲು ಏರಿದ ಒಂದು ಮಧ್ಯಾಹ್ನ ಫೋನಿನಲ್ಲಿ ತಮ್ಮನ ದನಿ ಇಳಿದುಹೋಗಿತ್ತು.

“ಆಪಾ, ಲಕ್ಷ್ಮಿಬಾಯಿ ಇವತ್ತ ಮಿರಜಿಗೆ ಹೊಂಟ ನಿಂತಿದ್ಲು. ರೊಟ್ಟಿ, ಶೇಂಗಾ ಹಿಂಡಿ ಎಲ್ಲಾ ಕಟಗೊಂಡು. ನಾ ಏನ ಮಾಡ್ಲಿ? ಐಸಿಯುದಾಗ ಇಟ್ಟಾರ, ಯಾರನ್ನೂ ಒಳಗ ಬಿಡೂದಿಲ್ಲ ಅಂದುಬಿಟ್ಟೆ.”

“ಮತ್ತ?”

“ಮತ್ತೇನ, ಕಟ್ಟಿ ಮ್ಯಾಲ ಕುಂತು ಅತ್ಲು. ಎದ್ದಾಕಿನ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೊಂಡು ಮನಿಗೆ ಹೋದ್ಲು. ನೀ ನಿನ್ನ ಕಾಲ್ಲೆ ನಡಕೋತ ಬಂದು, ಗುಡಿಯಾಗ ಕಾಯಿ ಒಡಸೂತನಕ ಕಾಲಿಗೆ ಚಪ್ಪಲಿ ಹಾಕೂದಿಲ್ಲಂತ. ಯಡೂರ ವೀರಭದ್ರಗ ಹರಕಿ ಹೊತ್ತಾಳ.”

ಭೋಜದ ಬೇಸಿಗೆ ಅವಳಿಗೆ ಗೊತ್ತು. ಕಟ್ಟಿದ ಬೀಡಿಯ ಬುಟ್ಟಿ ಹೊತ್ತು ಡಾಂಬರು ರಸ್ತೆಯ ಮೇಲೆ ಲಕ್ಷ್ಮಿಬಾಯಿ ಈಗಲೂ ಗುತ್ತಿಗೆದಾರನ ಅಂಗಡಿಗೆ ನಡೆಯುತ್ತಾಳೆಂಬುದೂ ಗೊತ್ತು. ಆ ಹಿಮ್ಮಡಿ ಮೊದಲೇ ಒಡೆದದ್ದು. ಚಳಿಗಾಲದಲ್ಲಿ ಅದಕ್ಕೆ ಮೇಣ ಕಾಸಿ ಹಚ್ಚಿದವಳು ತಾನೇ.

“ಹೇಳಿಬಿಡೋ ಆಕಿಗೆ. ಖರೇ ಹೇಳಿಬಿಡು.”

“ಈಗ ಹೆಂಗ ಹೇಳ್ಲಿ? ತಲಾಟಿ ಶಾಂತಿನಾಥ ಸಾಹೇಬ್ರು ಮನಿಮನಿ ತಪಾಸ ಚಾಲೂ ಮಾಡ್ಯಾರ. ಪಗಾರದವರು ಊರಾಗ ಅದಾರೋ ಇಲ್ಲೋ ಅಂತ. ನಿನ್ನ ಹೆಸರಿನ ಮುಂದ ದವಾಖಾನ್ಯಾಗ ಅದಾರ ಅಂತ ಬರಕೊಂಡು, ತಿರಗಿ ಬರ್ತೀನಿ ಅಂತ ಹೋಗ್ಯಾರ. ಲಕ್ಷ್ಮಿಬಾಯಿಗೆ ಹೇಳಿದ್ರ ಸಂಜೀಕ ಇಡೀ ಊರಿಗೆ ಗೊತ್ತಾಗತೈತಿ. ಹೇಳ್ಲೇನು? ನೀನ ಹೇಳು ಆಪಾ.”

ಚಮನಬಿ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು, ಕಿಟಕಿಗೆ ಬಂದಳು. ಆಮೇಲೆ “ಬ್ಯಾಡ ಬಿಡು” ಎಂದಳು. ಆ ಮಾತು ಬಾಯಿಂದ ಬಿದ್ದ ಕ್ಷಣದಲ್ಲೇ ತನ್ನ ಮೇಲೆ ತನಗೆ ಅಸಹ್ಯವಾಯಿತು.

ಅಂದಿನಿಂದ ಅವಳ ತಿರುಗಾಟ ಇನ್ನೂ ಹೆಚ್ಚಿತು. ಚಪ್ಪಲಿ ಬಿಟ್ಟು ಮನೆಯೊಳಗೆ ಬರಿಗಾಲಲ್ಲಿ ಅಡ್ಡಾಡಿದಳು. ಆ ನುಣುಪು ನೆಲ, ಆ ತಂಪು. ಅದರ ಮೇಲೆ ನಡೆದರೆ ಏನು ಬಂತು? ಒಂದು ದಿನ ಅರ್ಶಿಯಾ ಮಲಗಿದ್ದಾಗ ಲಿಫ್ಟಿನಲ್ಲಿ ಕೆಳಗಿಳಿದು, ಕಟ್ಟಡದ ಎದುರಿನ ಡಾಂಬರಿನ ಮೇಲೆ ಬರಿಗಾಲಿಟ್ಟಳು. ಕಾಲು ಚುರ್ರೆಂದಿತು. ನಾಲ್ಕು ಹೆಜ್ಜೆ ಹಾಕಲಾಗದೆ ನೆರಳಿಗೆ ಓಡಿಬಂದಳು. ಕಾವಲುಗಾರ ಗಾಬರಿಯಾಗಿ ನೀರು ತಂದುಕೊಟ್ಟ. ಅವನ ಎದುರೇ, ಗುರುತಿಲ್ಲ ಪರಿಚಯವಿಲ್ಲ, ಅವಳು ಅತ್ತಳು.

ಮೇಲೆ ಬಂದವಳೇ ಮಗಳಿಗೆ ಹೇಳಿದಳು: “ನನ್ನ ಟಿಕೀಟ ತಗಸು. ನಾ ಹೋಗಾಕಿ.”

“ಇನ್ನೊಂದೆರಡ ತಿಂಗಳ ಇರಬೇ ಅಮ್ಮಿ. ಆ ಪಗಾರದ್ದ ಚಿಂತಿ ಏನ? ಅದರ ಎರಡರಷ್ಟ ನಾ ಕೊಡ್ತೀನಿ.”

“ನೀ ಕೊಟ್ರ ಅದು ನಿಂದು. ಅದು ನಂದು.”

“ಒಟ್ಟಿನ್ಯಾಗ ಪಗಾರ ಬಿಡಾಕಿ ಅಲ್ಲ ನೀ,” ಎಂದು ಅರ್ಶಿಯಾ ಮುಖ ತಿರುಗಿಸಿದಳು. ಚಮನಬಿ ತೊಟ್ಟಿಲು ತೂಗಲು ಹೋದಳು. ಒಡೆದ ಹಿಮ್ಮಡಿಯ ಕಥೆಯನ್ನು ಹಸಿ ಬಾಣಂತಿಯ ಮುಂದೆ ಹೇಗೆ ಬಿಚ್ಚುವುದು?

ವಸೀಮ ಟಿಕೆಟು ತಂದುಕೊಟ್ಟ. ಮುಂಬೈಗೆ ಇಳಿದು, ಕೊಲ್ಲಾಪುರದ ಬಸ್ಸು ಹಿಡಿದು, ಅಲ್ಲಿಂದ ನಿಪ್ಪಾಣಿಗೆ ಬಂದಾಗ ಸ್ಟ್ಯಾಂಡಿನಲ್ಲಿ ಹಾಜಿಮಲಂಗ ರಿಕ್ಷಾ ತಂದು ಕಾಯುತ್ತಿದ್ದ. ಕೈಯಲ್ಲಿ ಬ್ಯಾಂಡೇಜಿನ ಸುರುಳಿ.

“ಇದೇನೋ?”

“ಮಂಡಿಗೆ ಸುತ್ತಗೋ. ಹಂಗ ಸರಳ ಇಳದ ನಡದ್ರ ಜನ ಏನಂದಾರು?”

“ಎರಡೂ ಕಾಲಿಗೋ ಒಂದಕ್ಕೋ?” ಎಂದಳು ಚಮನಬಿ ಸಿಟ್ಟಿನಿಂದ. ಆದರೂ ಸುತ್ತಿಕೊಂಡಳು. ಸುಳ್ಳು ಹೇಳಿದ ಮೇಲೆ ಅದರ ಬಟ್ಟೆಯನ್ನೂ ಉಡಬೇಕಾಯಿತು.

ರಿಕ್ಷಾ ಓಣಿಗೆ ಬಂದಾಗ ಮೊದಲು ಓಡಿಬಂದವಳು ಲಕ್ಷ್ಮಿಬಾಯಿ. ಬೀಡಿ ಎಲೆಯ ಚೂರು ಸೀರೆಯ ಮಡಿಲಿನಿಂದ ಉದುರುತ್ತಿತ್ತು. ಚಮನಬಿಯ ಕಣ್ಣು ಆಕೆಯ ಮುಖಕ್ಕೆ ಹೋಗುವ ಮೊದಲು ಕಾಲಿಗೆ ಹೋಯಿತು. ಹಿಮ್ಮಡಿ ಬಾಯಿ ಬಿಟ್ಟಿತ್ತು, ಒಂದು ಬೆರಳಿಗೆ ಅರಿವೆ ಕಟ್ಟಿತ್ತು. ಲಕ್ಷ್ಮಿಬಾಯಿ ಅವಳ ಎರಡೂ ಗಲ್ಲ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಅತ್ತು, ನಕ್ಕು, “ನಮ್ಮ ವೀರಭದ್ರ ಕೈ ಬಿಡಲಿಲ್ಲ ನೋಡ. ದವಾಖಾನಿ ಊಟ ಛಲೋ ಹತ್ತೈತಿ ನಿನಗ, ಗಲ್ಲ ತುಂಬ್ಯಾವ” ಎಂದಳು. ಆ ಮಾತಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಇದ್ದಿದ್ದರೆ ಚಮನಬಿಗೆ ಎಷ್ಟೋ ಹಗುರಾಗುತ್ತಿತ್ತು.

ಹೆಂಗಸರು ಸುತ್ತುಗಟ್ಟಿ ಕೂತರು. ಗಡ್ಡೆ ಎಷ್ಟು ದೊಡ್ಡದಿತ್ತು ಎಂಬ ವಿಚಾರಣೆ ನಡೆಯಿತು. ಹಾಜಿಮಲಂಗ ಲಿಂಬೆಹಣ್ಣಿನಷ್ಟು ಎಂದ. ಮೊನ್ನೆ ಪೇರಲಕಾಯಿಯಷ್ಟು ಎಂದಿದ್ದೆಯಲ್ಲ ಎಂದು ಒಬ್ಬಳು ಹಿಡಿದಳು. ಕೊಯ್ದ ಮೇಲೆ ಕುಗ್ಗುತ್ತದೆಂದು ಇನ್ನೊಬ್ಬಳು ತಾನಾಗಿಯೇ ಅವನನ್ನು ಪಾರು ಮಾಡಿದಳು. ಚಮನಬಿ ಏಳುತ್ತಿದ್ದಳು, ಕೂರುತ್ತಿದ್ದಳು. ಲಕ್ಷ್ಮಿಬಾಯಿಯನ್ನು ಒಳಗೆ ಕರೆದು ಹೇಳಿಬಿಡಬೇಕೆಂದು ಎದ್ದಾಗಲೆಲ್ಲ ಯಾರೋ “ಕುಂದರವಾ, ಹೊಲಿಗಿ ಬಿಚ್ಚೀತು” ಎಂದು ಕೈಹಿಡಿದು ಕೂರಿಸುತ್ತಿದ್ದರು.

ಹೋಗುವಾಗ ಲಕ್ಷ್ಮಿಬಾಯಿ ಹೇಳಿಹೋದಳು: “ಬರೂ ಅಮಾಸಿಗೆ ಇಬ್ರೂ ಯಡೂರಿಗೆ ಹೋಗಿ ಕಾಯಿ ಒಡಸೂನು. ಅಲ್ಲೀತನಕ ನನ್ನ ಕಾಲಿಗೆ ಚಪ್ಪಲಿ ಬ್ಯಾಡ. ಹರಕಿ ಅಂದ್ರ ಹರಕಿ.”

ಮರುದಿನ ಬೆಳಿಗ್ಗೆ ಚಮನಬಿ ತನ್ನ ಒಲೆ ಹೊತ್ತಿಸಿದಳು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ? ಆದರೆ ಕಾಸಿದ ಚಹಾ ಲೋಟದಲ್ಲೇ ಆರಿಹೋಯಿತು. ಲಕ್ಷ್ಮಿಬಾಯಿಯ ಬಾಗಿಲ ತನಕ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು. ಹಾಗೆ ಓಣಿಯ ನಡುವೆ ನಿಂತಿದ್ದಾಗಲೇ ತಲಾಟಿ ಶಾಂತಿನಾಥರ ಮೋಟಾರ್ ಸೈಕಲ್ಲು ಬಂದು ನಿಂತಿತು. ಕಟ್ಟೆಗೆ ಕುರ್ಚಿ ಬಂತು. ದನಿ ಕೇಳಿ ಲಕ್ಷ್ಮಿಬಾಯಿಯೂ ಹೊರಗೆ ಬಂದಳು.

“ಆರಾಮ ಆದ್ರ್ಯಾ ಚಾಚಿ? ನಿಮ್ಮದೊಂದ ಹೆಸರ ಬಾಕಿ ಇಟ್ಟೀನಿ ನೋಡ್ರಿ,” ಎಂದರು ಶಾಂತಿನಾಥ. ವಯಸ್ಸಿನಲ್ಲಿ ಸಣ್ಣವರು, ಮಾತು ಮೆದು. “ಫೋಟೋ ತಗದ್ರ ಮುಗೀತು. ದವಾಖಾನ್ಯಾಗ ಅದಾರ ಅಂತ ಬರದಿದ್ದೆ, ಅದಕ್ಕ ಮಿರಜಿನ ಡಿಸ್ಚಾರ್ಜ್ ಕಾಗದ ಒಂದ ತೋರಸ್ರಿ.”

ಹಾಜಿಮಲಂಗ ಇಲ್ಲದ ಕಾಗದಕ್ಕಾಗಿ ಅಂಗಿಯ ಕಿಸೆ ತಡಕಿದ, ಮಶೀನಿನ ಖಾನೆ ಎಳೆದ.

“ಕಾಗದ ಇಲ್ಲಂದ್ರ ಮಗ್ಗಲ ಮನಿಯವರು ಯಾರರೆ ಹೇಳಿದ್ರೂ ನಡೀತೈತ್ರಿ,” ಎಂದರು ತಲಾಟಿ.

ಲಕ್ಷ್ಮಿಬಾಯಿ ಮುಂದೆ ಬಂದಳು. “ಯಾಕ್ರಿ ಸಾಹೇಬ್ರ, ನಾ ಇಲ್ಲೇನು? ಬರ್ಕೋರಿ ನನ್ನ ಹೆಸರು. ಮಿರಜಿನ್ಯಾಗ ಇದ್ಲು ಆಕಿ, ಸತ್ತು ಹುಟ್ಟಿ ಬಂದಾಳ. ಬೇಕಾದ್ರ ವೀರಭದ್ರನ ಮ್ಯಾಲ ಆಣಿ ಮಾಡಿ...”

ಹೊತ್ತ ಹರಕೆ ಇನ್ನೂ ತೀರಿಲ್ಲ. ಅದೇ ದೇವರ ಮೇಲೆ ಸುಳ್ಳು ಆಣೆ. ಅದೂ ಸುಳ್ಳೆಂದು ಆಕೆಗೆ ಗೊತ್ತೇ ಇಲ್ಲದೆ. ಚಮನಬಿಗೆ ಮುಂದೇನೂ ಕಾಣಲಿಲ್ಲ. ಮಂಡಿಯ ಬ್ಯಾಂಡೇಜು ಮರೆತು ಒಂದೇ ನೆಗೆತಕ್ಕೆ ಹೋಗಿ ಲಕ್ಷ್ಮಿಬಾಯಿಯ ಬಾಯಿಗೆ ಅಂಗೈ ಒತ್ತಿಹಿಡಿದಳು.

“ಆಣಿ ಮಾಡಬ್ಯಾಡ ಅಕ್ಕಾ! ಮಾಡಬ್ಯಾಡ. ನಾ ಮಿರಜಿಗೆ ಹೋಗೇ ಇಲ್ಲ.”

ಚಮನಬಿ ಕೈ ತೆಗೆಯದೆಯೇ ತಲಾಟಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. “ಶಾರ್ಜಾದಾಗ ಇದ್ನಿರಿ ಸಾಹೇಬ್ರ, ಮಗಳ ಬಾಣಂತನಕ್ಕ. ಪಗಾರ ಹೋಗತೈತಿ ಅಂತ ಅಂಜಿ ಸುಳ್ಳ ಹೇಳಿದ್ವಿ. ಮಂಡಿ ಇಲ್ಲ, ಗಡ್ಡಿ ಇಲ್ಲ. ಬಂದ್ ಮಾಡೂದಿದ್ರ ಮಾಡ್ರಿ. ಈಕಿ ಬಾಯಿಲೆ ಮಾತ್ರ ಅದನ್ನ ಹೇಳಸಬ್ಯಾಡ್ರಿ.”

ಶಾಂತಿನಾಥರ ಮುಖ ಕೆಂಪಾಯಿತು. “ನಾ ಪಾಪ ಅಂತ ಹೆಸರ ಹಿಡದಿಟ್ಟಿದ್ನಲ್ರಿ ಚಾಚಿ. ನನ್ನ ಕೈಲೆ ಸುಳ್ಳ ಬರಸಿದ್ರಿ,” ಎಂದರು. ಆಮೇಲೆ ಪಾಸ್‌ಪೋರ್ಟ್ ತರಿಸಿ, ಹೋದ ಶಿಕ್ಕಾ, ಬಂದ ಶಿಕ್ಕಾ ಎರಡನ್ನೂ ನೋಡಿದರು. “ಊರ ಬಿಟ್ಟ ಕಾಯಂ ಅಲ್ಲೇ ಉಳದ್ರ ಮಾತ ಬ್ಯಾರೆ. ಮಗಳ ಬಾಣಂತನಕ್ಕ ಹೋಗಿ ತಿರಗಿ ಬಂದಾಕಿ ಹೆಸರ ನಾ ಯಾಕ ತಗೀಲಿ? ಹೋಗೂ ಮುಂದ ಒಂದ ಮಾತ ನನ್ನ ಕೇಳಿದ್ರ ಇಷ್ಟ ಆಗ್ತಿತ್ತೇನ್ರಿ? ಕುಂದರ್ರಿ, ಇತ್ತ ನೋಡ್ರಿ.” ಫೋಟೋ ತೆಗೆದುಕೊಂಡು, ಚಹಾ ಬೇಡವೆಂದು, ಗಾಡಿ ಹತ್ತಿ ಹೋದರು.

ಪಗಾರ ಉಳಿಯಿತು. ಹಾಜಿಮಲಂಗ ಕಟ್ಟೆಯ ಮೇಲೆ ಕುಸಿದು ಕೂತು ಅಲ್ಲಾನನ್ನು ನೆನೆದ. ಚಮನಬಿ ತಿರುಗಿ ನೋಡಿದರೆ ಲಕ್ಷ್ಮಿಬಾಯಿ ಅಲ್ಲಿರಲಿಲ್ಲ.

ಆಕೆ ತನ್ನ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಎಲೆ ಕತ್ತರಿಸುತ್ತ ಕೂತಿದ್ದಳು. ಚಮನಬಿ ಹೊಸ್ತಿಲ ಮೇಲೆ ನಿಂತಳು. ಒಳಗೆ ಬಾ ಎನ್ನಲಿಲ್ಲ ಲಕ್ಷ್ಮಿಬಾಯಿ. ತಲೆಯನ್ನೂ ಎತ್ತಲಿಲ್ಲ.

“ನನಗ ಯಾಕ ಹೇಳಲಿಲ್ಲ?”

“ನಿನ್ನ ಬಾಯಾಗ ಮಾತ ನಿಲ್ಲೂದಿಲ್ಲಂತ...”

“ನಿಲ್ಲೂದಿಲ್ಲ, ಹೌದು. ಆದ್ರ ನಿನ್ನ ಅನ್ನದ ಮಾತ ಇದ್ರ ನಿಲ್ಲಸ್ತಿದ್ದೆ. ಅಷ್ಟೂ ತಿಳೀಲಿಲ್ಲ ನಿನಗ ಇಷ್ಟ ವರ್ಸದಾಗ?”

ಚಮನಬಿ ಒಳಗೆ ಬಂದು, ಆಕೆಯ ಕಾಲ ಬಳಿ ಕೂತಳು. ಮೂಲೆಯಲ್ಲಿ ಇದ್ದ ಚಪ್ಪಲಿಯನ್ನು ಎಳೆದು ಮುಂದಿಟ್ಟಳು. “ನನ್ನ ಬೈಯಿ, ಬಡಿ. ಆದ್ರ ಇದನ್ನ ಹಾಕ್ಕೋ ಅಕ್ಕಾ. ಬ್ಯಾನಿನ ಇಲ್ಲಂದಮ್ಯಾಲ ಹರಕಿ ಎಲ್ಲೀದು?”

ಲಕ್ಷ್ಮಿಬಾಯಿ ಚಪ್ಪಲಿಯನ್ನು ಕೈಯಿಂದ ಆಚೆ ಸರಿಸಿದಳು. “ನಿನ್ನ ಬ್ಯಾನಿ ಸುಳ್ಳ ಇದ್ದೀತು. ನಾ ಅತ್ತದ್ದು ಸುಳ್ಳೇನ? ಅಮಾಸಿಗೆ ನಾ ಯಡೂರಿಗೆ ಹೋಗಾಕಿನ. ಬರೂದಿದ್ರ ಬಾ, ಬಿಟ್ರ ಬಿಡ.”

ಮತ್ತೆ ಕತ್ತರಿ ಆಡತೊಡಗಿತು. ಚಮನಬಿಗೆ ಎದ್ದು ಹೋಗಲೂ ಕಾಲು ಬರಲಿಲ್ಲ, ಕೂತಿರಲೂ ಆಗಲಿಲ್ಲ. ಊರಿಗೆ ಊರೇ ಗಡ್ಡೆಯ ಅಳತೆ ಕೇಳಿತ್ತು. ತನಗೆ ಮೊಮ್ಮಗ ಹುಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ. ಒಬ್ಬರ ಬಾಯಿಗೂ ಒಂದು ಪೇಡೆ ಇಟ್ಟಿರಲಿಲ್ಲ. ಆ ಸಂತೋಷವನ್ನೂ ಅವಳು ಪಗಾರದ ಭಯದಲ್ಲಿ ಕಟ್ಟಿ ಒಗೆದಿದ್ದಳು.

ಎಷ್ಟೋ ಹೊತ್ತಿನ ಮೇಲೆ, ಎಲೆಯಿಂದ ಕಣ್ಣೆತ್ತದೆ, ಸಿಟ್ಟಿನ ದನಿಯಲ್ಲೇ ಲಕ್ಷ್ಮಿಬಾಯಿ ಕೇಳಿದಳು.

“ಅರ್ಶಿಯಾಗ ಏನ ಹುಟ್ಟೇತಿ?”

ಚಮನಬಿ ಬಾಯಿ ತೆರೆದಳು. ಅಳು ಬಂತು. ಮಿರಜಿಗೆಂದು ಮನೆ ಬಿಟ್ಟ ದಿನದಿಂದ ಹಿಡಿದಿಟ್ಟದ್ದೆಲ್ಲ ಬಂತು. ಲಕ್ಷ್ಮಿಬಾಯಿ ಕತ್ತರಿ ಕೆಳಗಿಟ್ಟು ಕಾದಳು.

“ಆಮ್ಯಾಲ ಅಳು,” ಎಂದಳು. “ಮದಲ ಕೂಸಿನ ಸುದ್ದಿ ಹೇಳು.”